ಸಾಂಗಿಲನ ಬಟ್ಟಲು, ಗಿಬೊಂಗನ ಲೆಕ್ಕ

ನನ್ನ ಹೆಂಡತಿಯ ತಮ್ಮ ಗಿಬೊಂಗ್ ವಿಜ್ಞಾನಿಯಾದದ್ದು ನಮ್ಮ ದ್ವೀಪದ ಗ್ರಹಚಾರ. ಮೊಕ್ಪೋ ಪಟ್ಟಣದಲ್ಲಿ ಉಪ್ಪು ಮಾಡುವವರಿಗೆ ಅದೇನೋ ತರಬೇತಿ ಇತ್ತು. ನಮ್ಮ ಉಪ್ಪಿನ ಆಗರದಿಂದಲೂ ಒಬ್ಬರು ಬರಬೇಕು ಎಂದು ಹೇಳಿ ಕಳಿಸಿದರು. ಯಾರು ಹೋದರೆ ಇಲ್ಲಿ ಕೆಲಸ ನಿಲ್ಲುವುದಿಲ್ಲ ಎಂದು ನಮ್ಮ ಮಾಲೀಕ ಯೋಚನೆ ಮಾಡಿದ. ಹೆಚ್ಚು ಹೊತ್ತು ಯೋಚಿಸಬೇಕಾಗಲಿಲ್ಲ. ಗಿಬೊಂಗನನ್ನು ದೋಣಿ ಹತ್ತಿಸಿದ.

ಹೋಗುವಾಗ ಅವನ ಕೈಯಲ್ಲಿದ್ದದ್ದು ಒಂದು ಬಟ್ಟೆಗಂಟು. ಬರುವಾಗ ಎದೆಗವಚಿಕೊಂಡ ಒಂದು ಪೆಟ್ಟಿಗೆ. ಅದರೊಳಗೆ ಎರಡು ಉಷ್ಣಮಾಪಕ, ಒಂದರ ತುದಿಗೆ ಒದ್ದೆ ಬಟ್ಟೆ ಸುತ್ತಿದ್ದು, ಗಾಳಿಗೆ ಗಿರಗಿರ ತಿರುಗುವ ಪುಟ್ಟ ಬಟ್ಟಲುಗಳ ಒಂದು ಯಂತ್ರ, ಒಂದು ಅಳತೆಪಟ್ಟಿ. ನೀರಿನ ಅಗಲ ಎಷ್ಟು, ಬಿಸಿ ಎಷ್ಟು, ಗಾಳಿ ಎಷ್ಟು, ಗಾಳಿಯಲ್ಲಿ ಆಗಲೇ ಇರುವ ತೇವ ಎಷ್ಟು, ಇಷ್ಟು ಗೊತ್ತಾದರೆ ತೆರೆದ ನೀರು ಯಾವುದಿದ್ದರೂ ಎಷ್ಟು ಬೇಗ ಆವಿಯಾಗಿ ಹೋಗುತ್ತದೆ ಎಂದು ಕೂತಲ್ಲಿಂದಲೇ ಹೇಳಬಲ್ಲೆ ಎಂದ.

ನಾವು ಹುಟ್ಟಿದಾಗಿನಿಂದ ಸಮುದ್ರದ ನೀರನ್ನು ಗದ್ದೆಗೆ ಬಿಟ್ಟು, ಬಿಸಿಲಿಗೆ ಒಣಗಿಸಿ, ಉಪ್ಪು ಎಳೆದು ಹೊಟ್ಟೆ ಹೊರೆಯುವವರು. ನೀರು ಒಣಗುತ್ತದೆ ಎನ್ನುವುದು ನಮಗೆ ಹೊಸ ಸುದ್ದಿಯಲ್ಲ. ಆದರೆ ಗಿಬೊಂಗನ ಬಾಯಲ್ಲಿ ಅದು ಹೊಸದಾಗಿಯೇ ಬಂತು. ಊಟಕ್ಕೆ ಕೂತರೆ ಅವನ ಪಾಠ ಶುರು.

"ಭಾವ, ನೀವು ಹಿಂಗೆ ಮಾತಾಡ್ತಾ ಕೂತ್ರೆ ಸಾರೆಲ್ಲ ಆವಿಯಾಗಿ ಹೋಗುತ್ತೆ. ಬಾಯಿ ಮುಚ್ಕೊಂಡು ಕುಡೀರಿ."

"ಇವರ ಬಾಯಿ ಮುಚ್ಚಿಸೋ ವಿದ್ಯೆ ಇದೇನಾ?" ಎಂದಳು ನನ್ನ ಹೆಂಡತಿ ಮಲ್ಸುನ್. "ಹಂಗಾದ್ರೆ ನಂಗೂ ಕಲಿಸೋ ತಮ್ಮ."

ಬಂದ ವಾರದಲ್ಲೇ ಆಗರದಲ್ಲಿ ಅವನ ವಿದ್ಯೆಯ ಪರೀಕ್ಷೆ ಆಯಿತು. ಕಡೆಯ ಗದ್ದೆಗಳ ಮುಂದೆ ನಿಂತು ಯಂತ್ರ ತಿರುಗಿಸಿ, ಆಕಾಶಕ್ಕೆ ಮುಖ ಮಾಡಿ, "ಮಧ್ಯಾಹ್ನದ ಊಟ ಮುಗಿಯೋದ್ರಲ್ಲಿ ಉಪ್ಪು ಕಟ್ಟುತ್ತೆ" ಎಂದು ಘೋಷಿಸಿದ. ಮಾಲೀಕ ನಂಬಿ ನಮ್ಮನ್ನೆಲ್ಲ ಉಪ್ಪು ಎಳೆಯುವ ಹಲಗೆ ಹಿಡಿದು ಸಾಲಾಗಿ ನಿಲ್ಲಿಸಿದ. ನಿಂತೆವು. ಸೂರ್ಯ ಮುಳುಗಿದ, ನಾವು ನಿಂತೇ ಇದ್ದೆವು. ಗದ್ದೆಯಲ್ಲಿ ನೀರೂ ನಿಂತೇ ಇತ್ತು.

"ಲೆಕ್ಕ ಸರಿಯಾಗೇ ಇದೆ" ಎಂದ ಗಿಬೊಂಗ್. "ಒಂದೇ ಒಂದು ಮರೆತೆ. ಅದು ಸಿಹಿನೀರಿನ ಲೆಕ್ಕ. ಉಪ್ಪು ಬೆರೆತರೆ ನೀರು ಹೋಗೋದು ನಿಧಾನ."

"ಉಪ್ಪಿನ ಆಗರದಲ್ಲಿ ಉಪ್ಪನ್ನೇ ಮರೆತ್ಯೇನೋ!" ಎಂದು ಮಾಲೀಕ ಹಲಗೆ ಎತ್ತಿಕೊಂಡು ಅವನನ್ನು ಏರಿಯುದ್ದಕ್ಕೂ ಅಟ್ಟಿಸಿಕೊಂಡು ಹೋದ.

ಇದೊಂದನ್ನು ನೀವು ನೆನಪಿನಲ್ಲಿಡಬೇಕು. ಗಿಬೊಂಗನ ಲೆಕ್ಕ ಯಾವತ್ತೂ ತಪ್ಪಿದ್ದಲ್ಲ. ಅವನು ಯಾವಾಗಲೂ ಒಂದೇ ಒಂದು ಮರೆತಿರುತ್ತಾನೆ.

ಈಗ ಸಾಂಗಿಲನ ಅಮ್ಮನ ವಿಷಯಕ್ಕೆ ಬರುತ್ತೇನೆ. ಇಲ್ಲಿ ನಗುವುದಕ್ಕೆ ಏನೂ ಇಲ್ಲ, ಸ್ವಲ್ಪ ತಡೆದುಕೊಳ್ಳಿ.

ಗಿಬೊಂಗ್ ತರಬೇತಿಗೆ ಹೋಗುವುದಕ್ಕೆ ಆರು ವರ್ಷ ಮುಂಚೆ ಸೀಗಡಿ ಹಿಡಿಯಲು ಹೋದ ಒಂದು ದೋಣಿ ತಿರುಗಿ ಬರಲಿಲ್ಲ. ಸಾಂಗಿಲ್ ಅದರಲ್ಲಿದ್ದ. ಗಿಬೊಂಗನ ಓರಗೆಯವನು. ಇಬ್ಬರೂ ಒಂದೇ ವರ್ಷ ಹುಟ್ಟಿ, ಒಂದೇ ಬೆಂಚಿನ ಮೇಲೆ ಕೂತು, ಒಂದೇ ಪರೀಕ್ಷೆಯಲ್ಲಿ ಫೇಲಾದವರು. ಹೆಣ ಸಿಗಲಿಲ್ಲ. ಹೆಣ ಕಾಣದೆ ಮಗ ಸತ್ತ ಎನ್ನಲು ಆ ತಾಯಿಗೆ ಬಾಯಿ ಬರಲಿಲ್ಲ. ಸಮುದ್ರಕ್ಕೆ ಹೋದ ಮಗನಿಗಾಗಿ ನಮ್ಮ ತಾಯಂದಿರೆಲ್ಲ ಮಾಡುವುದನ್ನೇ ಅವಳೂ ಮಾಡುತ್ತಿದ್ದಳು: ನಸುಕಿನಲ್ಲಿ ಬಾವಿಯ ಮೊದಲ ನೀರು ಸೇದಿ, ಹಿತ್ತಿಲಲ್ಲಿ ಸೋಯಾ ರಸದ ದೊಡ್ಡ ಗಡಿಗೆಯ ಮುಚ್ಚಳದ ಮೇಲೆ ಪಿಂಗಾಣಿ ಬಟ್ಟಲಿನಲ್ಲಿಟ್ಟು, ಅಂಗೈಗೆ ಅಂಗೈ ಉಜ್ಜಿ ಬೇಡಿಕೊಳ್ಳುವುದು. ಮಿಕ್ಕವರು ಮಗ ಬಂದ ಮೇಲೆ ನಿಲ್ಲಿಸುತ್ತಾರೆ, ಇಲ್ಲವೇ ಹೆಣ ಬಂದ ಮೇಲೆ. ಅವಳಿಗೆ ನಿಲ್ಲಿಸಲು ಎರಡೂ ಬರಲಿಲ್ಲ.

ಅವಳ ಸೊಸೆ ಒಕ್ಸಿಮ್ ಆರು ವರ್ಷದಿಂದ ಹೆಂಡತಿಯೂ ಅಲ್ಲ, ವಿಧವೆಯೂ ಅಲ್ಲ. ಅತ್ತೆಯ ಜೊತೆ ಕಪ್ಪೆಚಿಪ್ಪು ಆರಿಸಿ, ಬೆಳ್ಳುಳ್ಳಿ ಬಿಡಿಸಿ, ಬಾಯಿ ತೆರೆಯದೆ ದುಡಿದವಳು. ದೋಣಿಯ ಎಂಜಿನ್ ರಿಪೇರಿ ಮಾಡುವ ದುಸಿಕ್ ಎಂಬ ಒಳ್ಳೆಯವನೊಬ್ಬ, ಹೆಂಡತಿ ತೀರಿಕೊಂಡವನು, ಅವಳನ್ನು ಕೇಳಿದ್ದ. "ಅತ್ತೆ ಕಳಿಸಿಕೊಟ್ರೆ ಬರ್ತೀನಿ" ಎಂದಿದ್ದಳು. ಅತ್ತೆ ಕಳಿಸಿಕೊಡಬೇಕಾದರೆ ಮಗನನ್ನು ಮೊದಲು ಕಳಿಸಿಕೊಡಬೇಕು.

ಗಿಬೊಂಗ್ ವಾಪಸು ಬಂದ ವಸಂತದಲ್ಲಿ ಮುದುಕಿ ತಾನಾಗಿಯೇ ಬಾಯಿ ಬಿಟ್ಟಳು. "ಮುದಾಂಗ್ ಅಜ್ಜಿನ ಕರೆಸ್ರಪ್ಪ. ನಾನಂತೂ ಒಣಗಿದೆ. ಈ ಹುಡುಗಿ ಯಾಕೆ ಒಣಗಬೇಕು?"

ಮುದಾಂಗ್ ಅಜ್ಜಿ ಎಂದರೆ ಸತ್ತವರನ್ನು ಹೆಸರು ಹಿಡಿದು ಕರೆದು, ಸಮಾಧಾನ ಹೇಳಿ ಆಚೆ ದಾಟಿಸುವವಳು. ನೀರಿನಲ್ಲಿ ಹೋದವರಿಗೆ ಅವಳು ಮಾಡುವ ಶಾಸ್ತ್ರವೇ ಬೇರೆ. ಬಟ್ಟಲಿನಲ್ಲಿ ಅಕ್ಕಿ ತುಂಬಿ, ಬಿಳಿ ಬಟ್ಟೆ ಕಟ್ಟಿ, ಹಗ್ಗದಲ್ಲಿ ಸಮುದ್ರಕ್ಕೆ ಇಳಿಸುತ್ತಾರೆ. ಮೇಲೆತ್ತಿ ಬಿಚ್ಚಿದಾಗ ಅಕ್ಕಿಯಲ್ಲಿ ಒಂದು ಕೂದಲಿದ್ದರೆ ಜೀವ ಬಂತು ಎಂದರ್ಥ. ಆ ಕೂದಲನ್ನೇ ಹೆಣವೆಂದು ಮಣ್ಣು ಮಾಡುತ್ತಾರೆ. ದಿನ ಗೊತ್ತಾಯಿತು. ದುಸಿಕ್ ಹೊಸ ಅಂಗಿ ಹೊಲಿಸಿದ. ಒಕ್ಸಿಮ್ ಅವನ ಮನೆಗೆ ಹೋಗಲು ಬಟ್ಟೆಬರೆಯ ಒಂದು ಗಂಟು ಕಟ್ಟಿ ಮೂಲೆಯಲ್ಲಿಟ್ಟಳು.

ಕಡೆಯ ಕೆಲವು ದಿನಕ್ಕೆಂದು ಮುದುಕಿ ಪಿಂಗಾಣಿ ಬಟ್ಟಲು ಒಳಗಿಟ್ಟು, ಅಟ್ಟದಲ್ಲಿ ಸುತ್ತಿಟ್ಟಿದ್ದ ಸಾಂಗಿಲನ ಸ್ವಂತ ಬಟ್ಟಲನ್ನು ತೆಗೆದಳು. ಮಡಕೆ ಮಾರುವ ದೋಣಿಯವನಿಂದ ಅವನು ತೆಗೆದುಕೊಂಡಿದ್ದು. ಮೆರುಗಿಲ್ಲದ, ಒರಟು ಮಣ್ಣಿನ ಬಟ್ಟಲು. ಆಗರದಿಂದ ಬಂದು ಅದರಲ್ಲೇ ಅಕ್ಕಿಯ ಹೆಂಡ ಕುಡಿಯುತ್ತಿದ್ದ. ಅದರಲ್ಲಿ ನೀರು ತುಂಬಿ ಗಡಿಗೆಯ ಮೇಲಿಟ್ಟಳು. ಮರುದಿನ ನೋಡಿದರೆ ನೀರು ಅರ್ಧಕ್ಕೆ ಇಳಿದಿತ್ತು. ಅದರ ಮರುದಿನವೂ ಹಾಗೆಯೇ.

ಮುದುಕಿ ನೆಟ್ಟಗೆ ಆಗರಕ್ಕೆ ಬಂದಳು. ನಾನು, ಗಿಬೊಂಗ್ ನೀರು ತಿರುಗಿಸುತ್ತಿದ್ದೆವು.

"ಗಿಬೊಂಗಾ, ನೀನು ನೀರಿನ ಲೆಕ್ಕ ಕಲ್ತು ಬಂದಿದೀಯಂತೆ."

"ಹೌದಮ್ಮ. ಸರ್ಟಿಫಿಕೇಟೂ ಕೊಟ್ಟಿದಾರೆ."

"ಬಟ್ಟಲಲ್ಲಿಟ್ಟ ನೀರನ್ನ ಗಾಳಿ ಒಂದು ದಿನಕ್ಕೆ ಎಷ್ಟು ಕುಡಿಯುತ್ತೆ?"

ತಲೆ ನೆಟ್ಟಗಿರುವ ಯಾವನೇ ಆದರೂ ಆ ಮುಖ ನೋಡಿ, "ಪೂರಾ ಕುಡಿದುಬಿಡುತ್ತೆ, ಹೋಗಮ್ಮ" ಎಂದಿರುತ್ತಿದ್ದ. ನಾನು ಗಿಬೊಂಗನಿಗೆ ಕಣ್ಣು ಹೊಡೆದೆ. ಕೆಮ್ಮಿದೆ. ಕಾಲ ಮೇಲೆ ನೀರೆರಚಿದೆ. ಅವನು ಪೆಟ್ಟಿಗೆ ತರಲು ಓಡುತ್ತಿದ್ದ.

ಆ ದಿನ ಸಂಜೆಯವರೆಗೂ ಗಿಬೊಂಗ್ ಮುದುಕಿಯ ಹಿತ್ತಿಲಲ್ಲಿ ಕೂತ. ಮೋಡ ಮುಚ್ಚಿದ ದಿನ. ಗಾಳಿ ಸತ್ತಿತ್ತು, ಮೈಗೆ ಅಂಟುವ ತೇವ. ಯಂತ್ರದ ಪುಟ್ಟ ಬಟ್ಟಲುಗಳು ಅಲುಗಲಿಲ್ಲ. ಅವನು ಬಟ್ಟಲಿನ ಬಾಯಿ ಅಳೆದ, ನೀರಿಗೆ ಉಷ್ಣಮಾಪಕ ಅದ್ದಿದ, ಬೆಕ್ಕನ್ನು ಓಡಿಸಿದ. ಸಂಜೆ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ನ್ಯಾಯಾಧೀಶರ ಧಾಟಿಯಲ್ಲಿ ತೀರ್ಪು ಹೇಳಿದ.

"ಇಂಥಾ ಹವೆಯಲ್ಲಿ ಗಾಳಿ ತಗೊಳ್ಳೋದು ಉಗುರಿನ ದಪ್ಪದಷ್ಟು ನೀರು. ಅದಕ್ಕಿಂತ ಒಂದು ತೊಟ್ಟು ಹೆಚ್ಚಿಲ್ಲ. ಇಲ್ಲಿ ದಿನಾ ಹೋಗ್ತಿರೋದು ಅರ್ಧ ಬಟ್ಟಲು. ಮಿಕ್ಕಿದ್ದನ್ನ ಗಾಳಿ ತಗೊಂಡಿಲ್ಲ."

"ಮತ್ತೆ?"

"ಯಾರೋ ಕುಡಿದಿದಾರೆ."

ಮುದುಕಿ ಅಲ್ಲೇ ಗಡಿಗೆಗೆ ಒರಗಿ ಕುಸಿದಳು. ಬಟ್ಟಲನ್ನು ಎಳೆದು ಎದೆಗೆ ಒತ್ತಿಕೊಂಡಳು. "ಆರು ವರ್ಷ ಪಿಂಗಾಣಿಲಿ ಇಟ್ಟೆ. ಮುಟ್ಟಲಿಲ್ಲ. ತನ್ನ ಬಟ್ಟಲು ಕಂಡ ಮೇಲೆ ಬಂದು ಕುಡಿದ."

ಗಿಬೊಂಗ್ ಉಷ್ಣಮಾಪಕ ಒರೆಸಿ ಪೆಟ್ಟಿಗೆಗೆ ಹಾಕಿದ. ತಾನು ಏನು ಮಾಡಿದೆ ಎಂಬುದು ಆ ಮಹಾನುಭಾವನಿಗೆ ಇನ್ನೂ ಗೊತ್ತಿರಲಿಲ್ಲ.

ಬೆಳಗಾಗುವುದರೊಳಗೆ ಊರಿಗೆಲ್ಲ ಸುದ್ದಿ. ಶಾಸ್ತ್ರ ನಿಂತಿತು. ಊರ ಯಜಮಾನ ಬಾಂಗ್ ಅದರ ನೈವೇದ್ಯಕ್ಕೆಂದು ಬೇಯಿಸಿಟ್ಟಿದ್ದ ಹಂದಿಯ ತಲೆ ನೋಡುತ್ತ ನಿಂತಿದ್ದ. "ಏನಮ್ಮಾ ಇದು? ಎಲ್ಲ ತಯಾರಾಗಿದೆಯಲ್ಲ?"

"ಬದುಕಿರೋ ಮಗನಿಗೆ ತಿಥಿ ಮಾಡ್ತೀಯಾ? ಹತ್ತಿರ ಬಂದ್ರೆ ಕಾಲು ಮುರೀತೀನಿ" ಎಂದಳು ಮುದುಕಿ. ಕೈಯಲ್ಲಿ ಪೊರಕೆ ಇತ್ತು.

ಅಷ್ಟರಲ್ಲಿ ಬೆಳಗಿನ ದೋಣಿಯಲ್ಲಿ ಕಚೇರಿಯ ಗುಮಾಸ್ತ ಇಳಿದ. ಸಾಂಗಿಲ್ ಸತ್ತ ಎಂದು ಬರೆಸಿಕೊಂಡು ಹೋಗಲು ಬಂದವನು. ನಡೆದದ್ದನ್ನು ಕೇಳಿ ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ.

"ನೋಡಿ, ನನ್ನ ಹತ್ರ ಬದುಕಿದಾನೆ ಅಂತ ಒಂದು ಕಾಲಂ ಇದೆ, ಸತ್ತಿದಾನೆ ಅಂತ ಒಂದು ಕಾಲಂ ಇದೆ. ನೀರು ಕುಡಿದಿದಾನೆ ಅಂತ ಕಾಲಂ ಇಲ್ಲ."

"ಒಂದು ಹಾಕಿಸಿ" ಎಂದಳು ಮುದುಕಿ.

ಮುದಾಂಗ್ ಅಜ್ಜಿಗೆ ಬಂದದ್ದು ಬೇರೆ ಸಿಟ್ಟು. ಡೋಲು ಕೆಳಗಿಟ್ಟು ಗಿಬೊಂಗನ ಎದುರು ಸೊಂಟಕ್ಕೆ ಕೈಯಿಟ್ಟು ನಿಂತಳು. "ಸತ್ತವನು ಬಂದು ನೀರು ಕುಡಿದ್ರೆ ಮೊದಲು ನನಗೆ ಗೊತ್ತಾಗಬೇಕು. ನಲವತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ನೀನ್ಯಾವನೋ ನಡುವೆ, ತಿರುಗಣೆ ಹಿಡ್ಕೊಂಡು?"

"ಸತ್ತವನು ಅಂತ ನಾನು ಹೇಳಿಲ್ಲ ಅಜ್ಜಿ. ಬದುಕಿದಾನೆ ಅಂತಲೂ ಹೇಳಿಲ್ಲ. ನೀರು ಇಲ್ಲ ಅಂತ ಹೇಳಿದೀನಿ ಅಷ್ಟೆ. ವಿಜ್ಞಾನ ಅಷ್ಟೇ ಹೇಳೋದು."

"ಹಂಗಾದ್ರೆ ವಿಜ್ಞಾನಕ್ಕೆ ಬಾಯಿ ಮುಚ್ಕೊಂಡಿರಕ್ಕೆ ಹೇಳು!"

ಊರು ಬಾಯಿ ಮುಚ್ಚಿಕೊಳ್ಳಲಿಲ್ಲ. ಸಾಂಗಿಲ್ ಎದುರಿನ ಜನವಿಲ್ಲದ ನಡುಗಡ್ಡೆಯಲ್ಲಿದ್ದಾನೆ, ರಾತ್ರಿ ಈಜಿ ಬರುತ್ತಾನೆ ಎಂದು ಒಬ್ಬರು. ಇಲ್ಲ, ನೆನಪು ಹೋಗಿದೆ, ಬಟ್ಟಲು ಮಾತ್ರ ನೆನಪಿದೆ ಎಂದು ಇನ್ನೊಬ್ಬರು. ಒಬ್ಬಳ ಬೇಲಿಯ ಮೇಲಿನ ಒಣಮೀನು ಹೋಗಿತ್ತು, ಸಾಂಗಿಲ್. ಇನ್ನೊಬ್ಬಳ ಮೂಲಂಗಿ, ಸಾಂಗಿಲ್. ಬಾಂಗ್ ಯಜಮಾನನ ಹಂದಿತಲೆಯ ಒಂದು ಕಿವಿ ಕಾಣೆಯಾಯಿತು, ಅದೂ ಸಾಂಗಿಲನೇ. ಪಾಪ, ಇದ್ದಾಗ ಅವನು ಇಷ್ಟು ತಿಂದವನಲ್ಲ.

ದುಸಿಕ್ ಹೊಸ ಅಂಗಿಯಲ್ಲೇ ನಮ್ಮ ಮನೆಗೆ ಬಂದು ಗಿಬೊಂಗನ ಮುಂದೆ ಮಂಡಿಯೂರಿದ. "ಅಣ್ಣ, ಆವತ್ತು ಗಾಳಿ ಸ್ವಲ್ಪ ಜಾಸ್ತಿ ಇತ್ತು ಅಂತ ಹೇಳ್ಬಿಡಿ."

"ಗಾಳಿ ಇರಲಿಲ್ಲವಲ್ಲಪ್ಪ."

"ನಾನು ಬೀಸಣಿಗೆ ತಗೊಂಡು ಬೀಸ್ತಿದ್ದೆ ಅಂತ ಹೇಳಿ!"

"ಎಷ್ಟು ಹೊತ್ತು ಬೀಸ್ದೆ?" ಎಂದು ಗಿಬೊಂಗ್ ಪೆನ್ಸಿಲ್ ತೆಗೆದ. ನಾನು ಅದನ್ನು ಕಿತ್ತುಕೊಂಡು ಒಲೆಗೆ ಎಸೆದೆ. ಮಲ್ಸುನ್ ಅವನ ಬೆನ್ನಿಗೆ ಎರಡು ಬಿಟ್ಟು, "ಮತ್ತೆ ಲೆಕ್ಕ ಹಾಕು, ಸರಿಯಾಗಿ ಬರೋವರೆಗೂ ಹಾಕು" ಎಂದಳು. ಅವನು ಮತ್ತೆ ಹಾಕಿದ. ಈ ಸಲ ಗಾಳಿಯ ತೇವವನ್ನು ಇನ್ನೂ ನಿಖರವಾಗಿ ಹಿಡಿದ. ಗಾಳಿ ಕುಡಿದದ್ದು ಉಗುರಿನ ದಪ್ಪವೂ ಅಲ್ಲ, ಅದರಲ್ಲಿ ಅರ್ಧ ಎಂದು ಬಂತು. ಸಾಂಗಿಲನ ಪಾಲು ಹೆಚ್ಚಾಯಿತು.

ಅವತ್ತು ಸಂಜೆ ಒಕ್ಸಿಮ್ ಬಂದಳು. ಅವಳು ಯಾರ ಮನೆಗೂ ಹೋಗುವವಳಲ್ಲ. ಒಳಗೆ ಬಾರಮ್ಮ ಎಂದರೂ ಬರಲಿಲ್ಲ, ಹೊಸ್ತಿಲಾಚೆಯೇ ನಿಂತಳು.

"ಗಂಟು ಬಿಚ್ಚಿಟ್ಟೆ" ಎಂದಳು. "ಅವರು ಬದುಕಿದ್ರೆ ಬೀದಿಯಲ್ಲಿ ನಿಂತು ಕುಣೀತೀನಿ. ಸತ್ತಿದ್ರೆ ನೆಲಕ್ಕೆ ಬಿದ್ದು ಅಳ್ತೀನಿ. ಎರಡರಲ್ಲಿ ಒಂದು ಕೊಡಿ ನಂಗೆ. ಆರು ವರ್ಷದಿಂದ ಎರಡನ್ನೂ ಹಿಡ್ಕೊಂಡು ಕೂತಿದೀನಿ, ಕೈ ಸೋತಿದೆ."

ಗಿಬೊಂಗ್ ಲೆಕ್ಕದ ಹಾಳೆ ಮಡಚಿ ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯನ್ನು ಮೂಲೆಗೆ ತಳ್ಳಿದ. 

ಕಡೆಗೆ ಬಾಂಗ್ ಯಜಮಾನ ಒಂದು ಉಪಾಯ ಹೂಡಿದ. ಊರ ಸಮಕ್ಷಮದಲ್ಲಿ ಇನ್ನೊಂದು ಬಟ್ಟಲಿಗೆ ನೀರು ತುಂಬಿಡುವುದು, ಎಲ್ಲರೂ ಸುತ್ತ ಕೂತು ಕಾಯುವುದು. ಅದೂ ಅರ್ಧಕ್ಕೆ ಇಳಿದರೆ ಗಾಳಿಯೇ ಕುಡಿಯಿತು ಎಂದಾಯಿತು, ಗಿಬೊಂಗನ ವಿದ್ಯೆ ಸುಳ್ಳು ಎಂದಾಯಿತು. ಮಗನ ಬಟ್ಟಲನ್ನು ಮುದುಕಿ ಮುಟ್ಟಗೊಡಲಿಲ್ಲ. ಬಾಂಗ್ ತನ್ನ ಮನೆಯ ಸ್ಟೀಲ್ ಬಟ್ಟಲು ತಂದ.

ಒಂದು ಬಟ್ಟಲು ನೀರಿನ ಸುತ್ತ ಒಂದು ಊರು ಕೂತದ್ದನ್ನು ನೀವು ನೋಡಿರಲಾರಿರಿ. ಗುಮಾಸ್ತ ಅಳತೆಪಟ್ಟಿ ಹಿಡಿದು ಕೂತ. ಮುದಾಂಗ್ ಅಜ್ಜಿ ಕಣ್ಣು ಮುಚ್ಚಿ ಕೂತಳು. ಯಾರಾದರೂ ಸೀನಿದರೆ ಎಲ್ಲರೂ "ಗಾಳಿ! ಗಾಳಿ!" ಎಂದು ಕೂಗುವರು. ದುಸಿಕ್ ಬಟ್ಟಲಿನ ಹತ್ತಿರ ಬಾಯಿಟ್ಟು ಮೆಲ್ಲಗೆ ಊದುತ್ತಿದ್ದದ್ದು ಸಿಕ್ಕಿಬಿದ್ದು, ಅವನನ್ನು ಬಾವಿಯ ಆಚೆ ಕೂರಿಸಬೇಕಾಯಿತು. ಬಿಸಿಲು ಬಂತು, ಹೋಯಿತು. ಮರುದಿನ ಅಷ್ಟೇ ಹೊತ್ತಿಗೆ ಗುಮಾಸ್ತ ಅಳೆದು ನೋಡಿ ನಿಟ್ಟುಸಿರು ಬಿಟ್ಟ. ನೀರು ಇಳಿದಿದ್ದದ್ದು ಆ ದಿನದ ಬಿಸಿಲು, ಗಾಳಿ ಅಳೆದು ಗಿಬೊಂಗ್ ಹೇಳಿದಷ್ಟೇ. ಕೂದಲೆಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ.

ಹುಟ್ಟಿದಾಗಿನಿಂದ ಗಿಬೊಂಗ್ ಒಂದು ಸಲವಾದರೂ ಸರಿಯಾಗಿ ಹೇಳಲಿ ಎಂದು ಕಾದಿದ್ದೆವು. ಆ ಪಾಪಿ ಇವತ್ತೇ ಸರಿಯಾಗಿ ಹೇಳಬೇಕೇ! ಒಕ್ಸಿಮ್ ಎದ್ದು ಒಳಗೆ ಹೋದಳು. ಮುದುಕಿ ಮಾತ್ರ ಅಡುಗೆಮನೆಯಲ್ಲಿ ಮಗನಿಗೆಂದು ಅನ್ನಕ್ಕಿಟ್ಟಳು.

ಬಾಂಗ್ ಕೈಬಿಡಲಿಲ್ಲ. "ಆಯ್ತಮ್ಮ, ಆ ಬಟ್ಟಲನ್ನೇ ಪರೀಕ್ಷೆ ಮಾಡೋಣ. ಗಡಿಗೆ ಮೇಲಿದ್ರೆ ಬೆಕ್ಕು ಕುಡಿಯುತ್ತೆ, ಕಾಗೆ ಕುಡಿಯುತ್ತೆ. ಯಾರಾದ್ರೂ ಕೈಯಲ್ಲಿ ಹಿಡ್ಕೊಂಡು ಕೂರಲಿ."

ಮುದುಕಿ ಯೋಚಿಸಿದಳು. "ನೀನೂ ಬೇಡ, ಕಚೇರಿಯವನೂ ಬೇಡ. ಗಿಬೊಂಗ್ ಹಿಡ್ಕೊಳ್ಳಲಿ. ಅವನಾದ್ರೆ ನನ್ನ ಮಗ ಹೆದರದೆ ಹತ್ತಿರ ಬರ್ತಾನೆ."

ಹೀಗೆ ನನ್ನ ಭಾವಮೈದುನ ಬೆಳಗಿನ ಊಟವಾದ ಮೇಲೆ ಮುದುಕಿಯ ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ, ಇದ್ದದ್ದರಲ್ಲಿ ಒಳ್ಳೆಯದಾದ ಬಿಳಿ ಪ್ಯಾಂಟಿನಲ್ಲಿ, ಮಡಿಲಲ್ಲಿ ಸಾಂಗಿಲನ ಬಟ್ಟಲು ಇಟ್ಟುಕೊಂಡು ಕೂತ. ಏಳುವ ಹಾಗಿಲ್ಲ, ಅಲುಗುವ ಹಾಗಿಲ್ಲ. ಮೂಗಿನ ಮೇಲೆ ಕೂತ ನೊಣವನ್ನು ಮಲ್ಸುನ್ ಬಂದು ಓಡಿಸಬೇಕಾಯಿತು. ಊರೆಲ್ಲ ಮತ್ತೆ ಅಂಗಳದಲ್ಲಿ ನೆರೆಯಿತು. ಮಧ್ಯಾಹ್ನ ಇಳಿಯಿತು. ಯಾರೂ ಬರಲಿಲ್ಲ, ಬೆಕ್ಕೂ ಬರಲಿಲ್ಲ. ಆದರೂ ನೀರು ಇಳಿಯುತ್ತಿತ್ತು, ಎಲ್ಲರ ಕಣ್ಣೆದುರೇ.

"ಬಂದಿದಾನೆ" ಎಂದಳು ಮುದುಕಿ, ಪಿಸುಮಾತಿನಲ್ಲಿ. ನನ್ನ ಮೈ ಜುಮ್ಮೆಂದಿತು, ಸುಳ್ಳು ಹೇಳುವುದಿಲ್ಲ. ಮುದಾಂಗ್ ಅಜ್ಜಿ ಕೂಡ ಡೋಲಿನ ಕಡೆಗೆ ಕೈ ಚಾಚಿದಳು.

ಆಗ ಗುಮಾಸ್ತ ಮುಂದೆ ಬಗ್ಗಿ ನೋಡಿ, ನಾಚಿಕೊಂಡು, "ಸ್ವಾಮಿ" ಎಂದ, "ಒಂದು ಮಾತು ಹೇಳಿದ್ರೆ ನಾವೇ ಕಣ್ಣು ಮುಚ್ಕೋತಿದ್ವಿ. ನೀವು ಎದ್ದು ಹೋಗಿ ಬರಬಹುದಿತ್ತು."

ಎಲ್ಲರೂ ನೋಡಿದರು. ಗಿಬೊಂಗನ ಬಿಳಿ ಪ್ಯಾಂಟು, ಮಡಿಲಿನಿಂದ ತೊಡೆಯವರೆಗೆ, ಪೂರಾ ಒದ್ದೆ.

"ಅಯ್ಯೋ ಮುಠ್ಠಾಳ!" ಎಂದು ಮಲ್ಸುನ್ ತಲೆ ಚಚ್ಚಿಕೊಂಡಳು. "ನಲವತ್ತೇಳು ವರ್ಷಕ್ಕೆ ಮಾಡೋ ಕೆಲಸವೇನೋ ಇದು! ನಮ್ಮಮ್ಮ ನೋಡಿದ್ದಿದ್ರೆ!"

ಅಂಗಳಕ್ಕೆ ಅಂಗಳವೇ ನಕ್ಕಿತು. ಬಾಂಗ್ ಕಂಬ ಹಿಡಿದುಕೊಂಡು ನಕ್ಕ. ಅಷ್ಟು ದಿನದ ಬಿಗಿ ಒಮ್ಮೆಲೇ ಬಿಟ್ಟಿತು ನೋಡಿ, ತಡೆಯಲಾಗಲಿಲ್ಲ. ಬಾಗಿಲ ಸಂದಿನಲ್ಲಿ ಒಕ್ಸಿಮ್ ಅಂಗೈ ಬಾಯಿಗೆ ಅಡ್ಡ ಹಿಡಿದಿದ್ದಳು. ಅವಳ ಭುಜ ಕುಲುಕುತ್ತಿತ್ತು. ಮುದುಕಿಯ ಬಾಯಿಯ ತುದಿ ಕೂಡ ಅಲುಗಿತು.

ಗಿಬೊಂಗ್ ಮಾತ್ರ ನಗಲಿಲ್ಲ, ನಾಚಲಿಲ್ಲ. ಬಟ್ಟಲನ್ನು ಮೆಲ್ಲಗೆ ಎತ್ತಿ, ತಳಕ್ಕೆ ಬೆರಳು ಒತ್ತಿದ. ಬೆರಳು ನೋಡಿಕೊಂಡ. ಅವನ ಮುಖದ ಬಣ್ಣ ಹೋಯಿತು. ಅದನ್ನು ಕಂಡು ನನಗೂ ಹೊಳೆಯಿತು.

ಮೆರುಗಿಲ್ಲದ ಮಣ್ಣಿನ ಪಾತ್ರೆ ಬೆವರುತ್ತದೆ. ಇದು ನಮ್ಮ ದ್ವೀಪದಲ್ಲಿ ಯಾರಿಗೆ ಗೊತ್ತಿಲ್ಲ? ನಮ್ಮಜ್ಜಿ ಬೇಸಿಗೆಯಲ್ಲಿ ನೀರು ತಣ್ಣಗಿರಲಿ ಎಂದು ಅಂಥದ್ದರಲ್ಲೇ ಇಡುತ್ತಿದ್ದಳು. ಬಾಂಗ್‌ಗೆ ಗೊತ್ತು, ಮುದಾಂಗ್ ಅಜ್ಜಿಗೆ ಗೊತ್ತು, ಮಲ್ಸುನ್‌ಗೆ ಗೊತ್ತು. ಇಷ್ಟು ದಿನ ಒಬ್ಬರಿಗೂ ನೆನಪಾಗಲಿಲ್ಲ. ಈ ಸಲ ಮರೆತವನು ಗಿಬೊಂಗ್ ಒಬ್ಬನೇ ಅಲ್ಲ. ಬೈದುಕೊಂಡು, ಗೊಣಗಿಕೊಂಡು, ನಮಗೆಲ್ಲ ಒಳಗೊಳಗೇ ಸಾಂಗಿಲ್ ಬರಬೇಕಾಗಿತ್ತು.

"ಅಮ್ಮ" ಎಂದ ಗಿಬೊಂಗ್. "ನಾನು ಒಂದೇ ಒಂದು ಮರೆತೆ."

ನಗು ನಿಂತಿತು. ಆ ಮಾತಿನ ಅರ್ಥ ಊರಿಗೆಲ್ಲ ಗೊತ್ತು.

"ನೀರು ಬಟ್ಟಲಿನ ಬಾಯಿಂದ ಮಾತ್ರ ಹೋಗುತ್ತೆ ಅಂತ ಲೆಕ್ಕ ಹಾಕ್ದೆ. ಈ ಮಣ್ಣಿಗೆ ಮೈಯೆಲ್ಲ ಬಾಯಿ. ಒಳಗಿಂದ ಕುಡಿದು ಹೊರಗೆ ಬಿಡ್ತಿದೆ. ಗಡಿಗೆ ಮುಚ್ಚಳ ಒದ್ದೆಯಾಗಿದ್ದನ್ನ ಹವೆಯ ತೇವ ಅಂದ್ಕೊಂಡೆ." ಬಟ್ಟಲನ್ನು ಓರೆ ಮಾಡಿ ಒದ್ದೆ ತಳ ತೋರಿಸಿದ. "ಮಣ್ಣು ಕುಡಿದಿದೆ ಅಮ್ಮ. ಅವನಲ್ಲ."

ಮುದುಕಿ ಪೊರಕೆ ಎತ್ತಿಕೊಳ್ಳುತ್ತಾಳೆ ಎಂದುಕೊಂಡೆ. ಎತ್ತಿಕೊಳ್ಳಲಿ, ಚೆನ್ನಾಗಿ ಬಾರಿಸಲಿ ಎಂದೇ ನನ್ನ ಮನಸ್ಸು ಬೇಡುತ್ತಿತ್ತು. ಮುದುಕಿ ಜಗಲಿ ಹತ್ತಿ ಬಂದು ಅವನ ಕೈಯಿಂದ ಬಟ್ಟಲು ತೆಗೆದುಕೊಂಡಳು. ತಳವನ್ನು ತನ್ನ ಲಂಗದ ಅಂಚಿನಿಂದ ಒರೆಸಿದಳು. ಒಳಗೆ ಉಳಿದಿದ್ದ ನೀರನ್ನು ನೋಡಿದಳು. ಆಮೇಲೆ ಎರಡೂ ಕೈಯಲ್ಲಿ ಎತ್ತಿ ತಾನೇ ಕುಡಿದುಬಿಟ್ಟಳು, ಕಡೆಯ ತೊಟ್ಟಿನವರೆಗೆ.

"ಅಜ್ಜಿ" ಎಂದು ಮುದಾಂಗ್ ಕಡೆಗೆ ತಿರುಗಿದಳು. "ನಾಳೆ ಸಮುದ್ರ ಯಾವಾಗ ಇಳಿಯುತ್ತೆ?"

ಮರುದಿನ ದೋಣಿಕಟ್ಟೆಯಲ್ಲಿ ಶಾಸ್ತ್ರವಾಯಿತು. ಅಕ್ಕಿಗೆ ಹಿತ್ತಾಳೆ ಬಟ್ಟಲೇ ಆಗಬೇಕು ಎಂದು ಮುದಾಂಗ್ ಅಜ್ಜಿ ಹಟ ಹಿಡಿದಳು. ಮುದುಕಿ ಮಗನ ಮಣ್ಣಿನ ಬಟ್ಟಲನ್ನು ಮುಂದಿಟ್ಟು ಮಾತು ಮುಗಿಸಿದಳು. ಅಕ್ಕಿ ತುಂಬಿ ಬಟ್ಟೆ ಕಟ್ಟುವ ಕೆಲಸ ಗಿಬೊಂಗನಿಗೆ. ಡೋಲು ಬಡಿಯಿತು. ಮುದಾಂಗ್ ಅಜ್ಜಿ ಸಾಂಗಿಲನನ್ನು ಹೆಸರು ಹಿಡಿದು ಕರೆದಳು, ನೀರು ತಣ್ಣಗಿದೆ ಎದ್ದು ಬಾರಪ್ಪ, ನಿಮ್ಮಮ್ಮ ಬಂದಿದಾಳೆ ಎಂದು. ಬಟ್ಟಲು ಇಳಿಯಿತು, ಎದ್ದಿತು. ಬಿಚ್ಚಿದರು. ಬರೀ ಒದ್ದೆ ಅಕ್ಕಿ. ಇನ್ನೊಮ್ಮೆ ಇಳಿಸಿದರು. ಬರೀ ಅಕ್ಕಿ.

"ಇನ್ನೊಂದು ಸಲ ನೋಡೋದು. ಬರಲಿಲ್ಲ ಅಂದ್ರೆ ನನ್ನ ಕೈಲಿ ಇನ್ನೇನೂ ಇಲ್ಲ" ಎಂದಳು ಮುದಾಂಗ್ ಅಜ್ಜಿ ಬೆವರು ಒರೆಸಿಕೊಂಡು. ಮುದುಕಿಯ ಮುಖ ನೋಡಲಾಗಲಿಲ್ಲ. ಒಕ್ಸಿಮ್ ಅತ್ತೆಯ ತೋಳು ಹಿಡಿದುಕೊಂಡಿದ್ದಳು. ಯಾರು ಯಾರನ್ನು ಹಿಡಿದಿದ್ದರೋ ಗೊತ್ತಾಗುತ್ತಿರಲಿಲ್ಲ.

ಗಿಬೊಂಗ್ ಮಂಡಿಯೂರಿ, ಹೊಸ ಅಕ್ಕಿ ತುಂಬಿದ. ಬಗ್ಗಿದ್ದ. ಒಮ್ಮೆ ಕೈ ತಲೆಗೆ ಹೋಯಿತು. ಕೆರೆದುಕೊಂಡನೋ ಕಿತ್ತನೋ, ನನ್ನನ್ನು ಕೇಳಬೇಡಿ. ಬಟ್ಟೆ ಬಿಗಿದು ಕಟ್ಟಿ ಹಗ್ಗ ಕೊಟ್ಟ.

ಮೂರನೆಯ ಸಲ ಬಟ್ಟಲು ಎದ್ದು ಬಂತು. ಮುದಾಂಗ್ ಅಜ್ಜಿ ಬಿಚ್ಚಿದಳು. ಅಕ್ಕಿಯ ಮೇಲೆ ಒಂದು ಕೂದಲಿತ್ತು.

ಸಾಂಗಿಲನಿಗೆ ಉದ್ದನೆಯ, ಕಾಡಿಗೆಯಂಥ ಕಪ್ಪು ಕೂದಲು. ಊರ ಹುಡುಗಿಯರೆಲ್ಲ ನೋಡುತ್ತಿದ್ದರು. ಇದು ಗಿಡ್ಡ ಕೂದಲು. ಅರ್ಧ ಕಪ್ಪು, ಅರ್ಧ ಬಿಳಿ. ನಮ್ಮ ದ್ವೀಪದಲ್ಲಿ ಅಂಥ ತಲೆ ಒಂದೇ ಇರುವುದು. ಅದು ಬಟ್ಟಲಿನ ಪಕ್ಕದಲ್ಲೇ, ಕಿವಿಯವರೆಗೆ ಕೆಂಪಾಗಿ ನಿಂತಿತ್ತು.

"ಇದು..." ಎಂದು ಗುಮಾಸ್ತ ಬಾಯಿ ತೆಗೆದ. ಬಾಂಗ್ ಅವನ ಕಾಲನ್ನು ತುಳಿದ, ಪೂರಾ ಭಾರ ಹಾಕಿ. ಆದರೆ ನಮಗೆಲ್ಲ ಭಯವಿದ್ದದ್ದು ಗುಮಾಸ್ತನದಲ್ಲ. ನಿಜ ಕಂಡರೆ ಹೇಳದೆ ಬಿಡದವನು ಗಿಬೊಂಗ್.

ಮುದುಕಿ ಕೂದಲನ್ನು ಎತ್ತಿ ಬೆಳಕಿಗೆ ಹಿಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಗಿಬೊಂಗನ ತಲೆ ನೋಡಿದಳು.

"ನರೆತುಬಿಟ್ಟಿದಾನಲ್ಲೋ ನನ್ನ ಮಗ" ಎಂದಳು.

ನಾವೆಲ್ಲ ಗಿಬೊಂಗನ ಕಡೆಗೆ ತಿರುಗಿದೆವು.

"ನರೆಯಲೇಬೇಕಲ್ಲಮ್ಮ" ಎಂದ ಗಿಬೊಂಗ್. "ಅವನೂ ನಾನೂ ಒಂದೇ ವರ್ಷದವರು. ಅವನಿಗೂ ಈಗ ನಲವತ್ತೇಳು."

ತನ್ನ ಜನ್ಮದಲ್ಲಿ ಗಿಬೊಂಗ್ ಏನನ್ನೂ ಮರೆಯದೆ ಹಾಕಿದ ಲೆಕ್ಕ ಅದೊಂದೇ. ಮುದುಕಿ ಆಗ ಅತ್ತಳು. ಆರು ವರ್ಷದ ಅಳು. ದೋಣಿಕಟ್ಟೆಯ ಮೇಲೆ ಬಿದ್ದು ಹೊರಳಿ ಅತ್ತಳು. ಒಕ್ಸಿಮ್ ಅವಳ ಪಕ್ಕ ಬಿದ್ದು ಅತ್ತಳು. ಗುಮಾಸ್ತ ಕುಂಟುತ್ತ ಹೋಗಿ ಬರೆಯಬೇಕಾದ್ದನ್ನು ಬರೆದುಕೊಂಡ.

ಈಗ ಒಕ್ಸಿಮ್ ದುಸಿಕ್‌ನ ಮನೆಯಲ್ಲಿದ್ದಾಳೆ. ಮುದುಕಿಯ ಗಡಿಗೆಯ ಮುಚ್ಚಳದ ಮೇಲೆ ಬಟ್ಟಲಿಲ್ಲ. ಸಮುದ್ರ ಕಾಣುವ ಗುಡ್ಡದ ಮೇಲೆ ಸಾಂಗಿಲನ ಗೋರಿ ಇದೆ, ಅದರೊಳಗೆ ಒಂದು ಕೂದಲು. ಸುಗ್ಗಿಯ ಹಬ್ಬಕ್ಕೆ ಮುಂಚೆ ಗೋರಿಯ ಹುಲ್ಲು ಕೊಯ್ಯುವುದು ಮನೆಯವರ ಕೆಲಸ. ಆ ಮನೆಯಲ್ಲಿ ಗಂಡಸಿಲ್ಲವಾದ್ದರಿಂದ ಗಿಬೊಂಗ್ ಕುಡುಗೋಲು ಹಿಡಿದು ಹೋಗುತ್ತಾನೆ. ತನ್ನ ಕೂದಲಿನ ಗೋರಿಗೆ ತಾನೇ ಹೋಗಿ ಹುಲ್ಲು ಕೊಯ್ಯುವವನನ್ನು ನಾನಂತೂ ಇವನೊಬ್ಬನನ್ನೇ ಕಂಡಿದ್ದೇನೆ.

ಕಳೆದ ಹಬ್ಬಕ್ಕೆ ನಾನೂ ಜೊತೆಗೆ ಹೋಗಿದ್ದೆ. ಹುಲ್ಲು ಕೊಯ್ದಾದ ಮೇಲೆ ಗಿಬೊಂಗ್ ಆ ಮಣ್ಣಿನ ಬಟ್ಟಲಿಗೆ ಅಕ್ಕಿಯ ಹೆಂಡ ಬಗ್ಗಿಸಿ, ಗೋರಿಯ ಸುತ್ತ ಸುರಿದ. ಬಿಸಿಲು ಚುರುಕಾಗಿತ್ತು, ಗಾಳಿ ಜೋರಾಗಿತ್ತು. ನೋಡನೋಡುತ್ತಿದ್ದಂತೆ ಒದ್ದೆ ಆರುತ್ತ ಬಂತು. ನನಗೆ ನಾಲಿಗೆ ತುರಿಸಿತು.

"ಏನಪ್ಪಾ ಪಂಡಿತ" ಎಂದೆ. "ಇಷ್ಟು ಹೆಂಡ ಇಷ್ಟು ಗಾಳಿಗೆ ಎಷ್ಟು ಹೊತ್ತಲ್ಲಿ ಆರುತ್ತೆ?"

ಅವನು ಬಟ್ಟಲನ್ನು ಅಂಗಿಯ ಅಂಚಿಗೆ ಒರೆಸಿದ.

"ಆರಲ್ಲ ಭಾವ" ಎಂದ. "ಅವನು ಕುಡೀತಾನೆ."

 ಇಬ್ಬರೂ ಕುಡುಗೋಲು ಹೆಗಲಿಗೆ ಹಾಕಿಕೊಂಡು ಗುಡ್ಡ ಇಳಿದೆವು.